ವಿಂಟೇಜ್ ಶಾಂಪೇನ್: ಎಷ್ಟು ತಣ್ಣಗೆ, ಯಾವ ಗ್ಲಾಸಿನಲ್ಲಿ, ಎಷ್ಟು ನಿಧಾನವಾಗಿ? (ಒಂದು ಚರ್ಚೆ; ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಮೊದಲಗುಟುಕು

ಉಡುಗೊರೆಯಾಗಿ ಬಂದ ವಿಂಟೇಜ್ ಶಾಂಪೇನ್ ಬಾಟಲಿಯೊಂದು ನನ್ನ ಬಳಿ ಇದೆ. ಲೇಬಲ್ ಮೇಲೆ 2008 ಎಂದೂ ಬ್ರೂಟ್ ಎಂದೂ ಅಚ್ಚಾಗಿದೆ. ಸಮಾರಂಭಗಳಲ್ಲಿ ಸಾಧಾರಣ ಶಾಂಪೇನ್ ಕುಡಿದಿದ್ದೇನೆ. ಅಂಥ ಗದ್ದಲದಲ್ಲಿ ಗ್ಲಾಸಿನೊಳಗೆ ಏನಿದೆ ಎಂದು ಯಾರೂ ನೋಡುವುದಿಲ್ಲ. ಈ ಬಾಟಲಿಯನ್ನು ಹಾಗೆ ಮುಗಿಸಿಬಿಡಲು ಮನಸ್ಸಿಲ್ಲ. ನಾವು ಆರು ಜನ ಸೇರಲಿದ್ದೇವೆ. ಕುತೂಹಲ ಎಲ್ಲರಿಗೂ ಇದೆ, ಪಾಂಡಿತ್ಯ ಯಾರಿಗೂ ಇಲ್ಲ.

ಕೇಳಿದವರೆಲ್ಲ ಒಂದೊಂದು ದಿಕ್ಕು ತೋರಿಸುತ್ತಿದ್ದಾರೆ. ಮಂಜಿನಷ್ಟು ತಣ್ಣಗಿರಲಿ ಎಂದು ಒಬ್ಬರು, ತಣ್ಣಗಾದರೆ ಕೆಟ್ಟಿತು ಎಂದು ಇನ್ನೊಬ್ಬರು. ಉದ್ದನೆಯ ಫ್ಲೂಟ್ ಗ್ಲಾಸೇ ಬೇಕು ಎಂಬುದು ಒಂದು ವಾದ, ಅದನ್ನು ಕಪಾಟಿನಲ್ಲೇ ಬಿಡಿ ಎಂಬುದು ಇನ್ನೊಂದು. ಒಬ್ಬರಂತೂ ಡಿಕ್ಯಾಂಟರ್‌ಗೆ, ಅಂದರೆ ವೈನ್ ಸುರಿದಿಡುವ ಗಾಜಿನ ಹೂಜಿಗೆ, ಸುರಿದು ಗಾಳಿಯಾಡಿಸಿ ಎಂದರು. ಗುಳ್ಳೆಗಳ ಗತಿ ಏನಾಗಬೇಕು? ಬಲ್ಲವರು ಕಾರಣ ಸಮೇತ ಹೇಳಿ.

ನೆಲಮಾಳಿಗೆ

ಮೊದಲು ನಿಮ್ಮ ಕೈಯಲ್ಲಿರುವುದು ಏನೆಂದು ತಿಳಿದುಕೊಳ್ಳಿ. ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮಾರುಕಟ್ಟೆಗೆ ಬರುವ ಬಹುಪಾಲು ಶಾಂಪೇನ್ ಹಲವು ವರ್ಷಗಳ ವೈನುಗಳ ಮಿಶ್ರಣ. ಒಂದು ವರ್ಷ ಬೆಳೆ ಸೊರಗಿದರೆ ಹಿಂದಿನ ವರ್ಷಗಳ ದಾಸ್ತಾನು ಅದನ್ನು ಸರಿದೂಗಿಸುತ್ತದೆ. ಪ್ರತಿ ಬಾರಿಯೂ ಒಂದೇ ರುಚಿ ಬರಬೇಕು ಎಂಬುದು ಅದರ ಗುರಿ. ವಿಂಟೇಜ್ ಎಂದರೆ ಲೇಬಲ್ ಮೇಲಿರುವ ಆ ಒಂದೇ ವರ್ಷದ ದ್ರಾಕ್ಷಿ. ಆ ವರ್ಷದ ಬಿಸಿಲು, ಮಳೆ, ಚಳಿ ಎಲ್ಲವೂ ಮುಚ್ಚುಮರೆಯಿಲ್ಲದೆ ಅದರಲ್ಲಿರುತ್ತದೆ. ಫ್ರಾನ್ಸಿನ ಶಾಂಪೇನ್ ಸೀಮೆಯ ನಿಯಮದಂತೆ ಸಾಧಾರಣ ಶಾಂಪೇನ್ ಬಾಟಲಿಗೆ ಸೇರಿದ ಮೇಲೆ ಕನಿಷ್ಠ 15 ತಿಂಗಳು ಮಾಗಬೇಕು, ವಿಂಟೇಜ್ ಕನಿಷ್ಠ 3 ವರ್ಷ. ಒಳ್ಳೆಯ ತಯಾರಕರು ಇದಕ್ಕಿಂತ ಬಹಳ ಹೆಚ್ಚು ಕಾಲ ಕಾಯುತ್ತಾರೆ.

2008 ಆ ಸೀಮೆಯಲ್ಲಿ ತಂಪಾದ ವರ್ಷ. ಬೇಸಿಗೆ ಮೋಡ ಕವಿದೇ ಕಳೆಯಿತು, ಸೆಪ್ಟೆಂಬರಿನ ಒಣಹವೆ ಬೆಳೆಯನ್ನು ಉಳಿಸಿತು. ಫಲವಾಗಿ ಹುಳಿಯಂಶ ಬಿಗಿಯಾಗಿರುವ, ಬಹುಕಾಲ ಬಾಳುವ ವೈನುಗಳು ಬಂದವು. ಲೂಯಿ ರೋಡರೆಯವರ ಕ್ರಿಸ್ಟಲ್ ಮತ್ತು ದೋಂ ಪೆರಿನ್ಯೋನ್ ಎಂಬ ಹೆಸರಾಂತ ಶಾಂಪೇನುಗಳು ಎರಡೂ 2009ರ ಬಾಟಲಿಯನ್ನು ಮೊದಲು ಹೊರತಂದು 2008ನ್ನು ಆಮೇಲೆ ಬಿಡುಗಡೆ ಮಾಡಿದವು ಎಂದರೆ ಅದು ಎಷ್ಟು ಸಾವಕಾಶದ ವೈನ್ ಎಂದು ಊಹಿಸಿ.

ಆದ್ದರಿಂದ ಇದನ್ನು ಮೊದಲು ವೈನ್ ಎಂದು ನೋಡಿ, ಗುಳ್ಳೆಗಳ ವಿಚಾರ ಆಮೇಲೆ. 10ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಡಿಸಿ. ಅದಕ್ಕಿಂತ ತೀರ ತಣ್ಣಗಾದರೆ ಪರಿಮಳ ಮೇಲೇಳುವುದಿಲ್ಲ, ಹುಳಿ ಮಾತ್ರ ನಾಲಿಗೆಯನ್ನು ಇರಿಯುತ್ತದೆ. ಇಷ್ಟು ವರ್ಷ ಕಾದದ್ದು ಆ ಪರಿಮಳಕ್ಕಾಗಿಯೇ. ಫ್ರೀಜರ್ ಮಾತಂತೂ ಬೇಡ.

ಹಿಮಬಿಲ್ಲೆ

ನೆಲಮಾಳಿಗೆಯವರ ವಿವರಣೆ ಚೆನ್ನಾಗಿದೆ. ಆದರೆ 12 ಡಿಗ್ರಿ ಎಂಬುದನ್ನು ನಾನು ಒಪ್ಪುವುದಿಲ್ಲ. ಕೆಂಪು ವೈನ್ ಕುಡಿಯುವವರು ಶಾಂಪೇನಿನ ಮೇಲೆ ಹೇರಿದ ಅಭ್ಯಾಸ ಅದು. ದ್ರವ ಬೆಚ್ಚಗಾದಷ್ಟೂ ಇಂಗಾಲದ ಡೈಆಕ್ಸೈಡ್ ಅದರಲ್ಲಿ ನಿಲ್ಲುವುದಿಲ್ಲ. ಬಾಟಲಿಯ ಬಾಯಿ ತೆರೆದ ಕೂಡಲೇ ನೊರೆ ಉಕ್ಕಿ ಮೇಜಿನ ಪಾಲಾಗುತ್ತದೆ. ನಾನು 6 ಡಿಗ್ರಿಗೆ ತಣಿಸುತ್ತೇನೆ. ಗ್ಲಾಸಿಗೆ ಬಿದ್ದ ಮೇಲೆ ಹೇಗೂ ಬೆಚ್ಚಗಾಗುತ್ತದೆ. ಬೆಚ್ಚಗಾದದ್ದನ್ನು ಗ್ಲಾಸಿನಲ್ಲಿ ಮತ್ತೆ ತಣಿಸಲು ಸಾಧ್ಯವೇ?

ನೆಲಮಾಳಿಗೆ

ಕೊನೆಯ ಮಾತಿನಲ್ಲಿ ಹುರುಳಿದೆ. ಹಾಗಾದರೆ ರಾಜಿಗೆ ಬರೋಣ: 8 ಡಿಗ್ರಿಯ ಹತ್ತಿರಕ್ಕೆ ತಣಿಸಿ, ತೆರೆಯಿರಿ, ಸುರಿಯಿರಿ, ಗ್ಲಾಸಿನಲ್ಲಿ ಅದು 10, 11, 12 ಎಂದು ಏರುತ್ತಾ ಹೋಗಲಿ. ಏರುವ ಹಾದಿಯಲ್ಲಿ ವೈನ್ ಬದಲಾಗುವುದನ್ನು ಗಮನಿಸುವುದೇ ಇದರ ಅರ್ಧ ಸುಖ. ಆದರೆ 6 ಡಿಗ್ರಿಯಲ್ಲಿ ಸುರಿದು ಐದು ನಿಮಿಷದಲ್ಲಿ ಗ್ಲಾಸು ಖಾಲಿ ಮಾಡುವವರು ಏನನ್ನೂ ಕಾಣದೆ ಏಳುತ್ತಾರೆ. ಹೆಚ್ಚಿನವರು ಮಾಡುವುದೂ ಅದನ್ನೇ.

ಶಾಂಪೇನ್ ಸೀಮೆಯ ರೀಮ್ಸ್ ಪಟ್ಟಣದ ಅಡಿಯಲ್ಲಿ ರೋಮನ್ನರ ಕಾಲದಿಂದ ಸೀಮೆಸುಣ್ಣದ ಕಲ್ಲು ತೆಗೆದ ಹಳೆಯ ಗಣಿಗಳಿವೆ. ಅಲ್ಲಿನ ಹಲವು ಶಾಂಪೇನ್ ಮನೆಗಳು, ಅಂದರೆ ತಯಾರಿಕಾ ಸಂಸ್ಥೆಗಳು, ಅವನ್ನೇ ನೆಲಮಾಳಿಗೆಗಳಾಗಿ ಬಳಸುತ್ತವೆ. ಅಲ್ಲಿ ವರ್ಷವಿಡೀ ಹೆಚ್ಚುಕಡಿಮೆ 10ರಿಂದ 12 ಡಿಗ್ರಿ. ಈ ವೈನ್ ಬೆಳೆದು ದೊಡ್ಡದಾದ ತಾಪಮಾನವೇ ಅದು.

ತಣಿಸುವ ಕ್ರಮ: ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು. ಬರೀ ಐಸ್ ತುಂಬಿದರೆ ಬಾಟಲಿಗೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತದೆ, ನಡುವೆ ಗಾಳಿ ಉಳಿಯುತ್ತದೆ. ನೀರು ಸುತ್ತಲೂ ಆವರಿಸಿ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಸಾಕು. ಇಲ್ಲವೇ ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ. ಅದಕ್ಕೂ ಮೊದಲು ಬಾಟಲಿಯನ್ನು ಅಲುಗಾಡಿಸದೆ ಒಂದು ದಿನ ನೆಟ್ಟಗೆ ನಿಲ್ಲಿಸಿಟ್ಟರೆ ಒಳ್ಳೆಯದು.

ಅಣುಲೆಕ್ಕ

ಗುಳ್ಳೆಗಳ ವಿಷಯ ಬಂದದ್ದರಿಂದ ನಾನೂ ಬಾಯಿ ಹಾಕುತ್ತೇನೆ. ರೀಮ್ಸ್ ವಿಶ್ವವಿದ್ಯಾಲಯದಲ್ಲಿ ಜೆರಾರ್ ಲಿಜೆ-ಬೆಲೇರ್ ಎಂಬ ಭೌತವಿಜ್ಞಾನಿ ಶಾಂಪೇನಿನ ಗುಳ್ಳೆಗಳನ್ನೇ ಅಧ್ಯಯನದ ವಸ್ತುವಾಗಿ ಮಾಡಿಕೊಂಡಿದ್ದಾರೆ. ನಾನು ಹೇಳುವುದರಲ್ಲಿ ಬಹುಪಾಲು ಆ ಕೆಲಸದಿಂದ ತಿಳಿದದ್ದು.

750 ಮಿಲಿಲೀಟರಿನ ಬಾಟಲಿಯಲ್ಲಿ ಸುಮಾರು 9 ಗ್ರಾಂ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಹೊರಗೆ ಬಿಟ್ಟರೆ ಅದು ಸುಮಾರು 5 ಲೀಟರ್ ಅನಿಲ. ಗುಳ್ಳೆ ಹುಟ್ಟಿಸುವ ಎರಡನೆಯ ಹುದುಗುವಿಕೆಗಾಗಿ ಬಾಟಲಿಗೆ ಯೀಸ್ಟ್ ಜೊತೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಕಿ ಮುಚ್ಚುತ್ತಾರೆ. ಯೀಸ್ಟ್ ಅದನ್ನು ತಿಂದು ಮುಗಿಸುವ ಹೊತ್ತಿಗೆ ಒಳಗಿನ ಒತ್ತಡ ವಾತಾವರಣದ ಒತ್ತಡದ ಐದಾರು ಪಟ್ಟು ಇರುತ್ತದೆ.

ಈ ಅನಿಲವೆಲ್ಲ ಗುಳ್ಳೆಯಾಗಿ ಬರುತ್ತದೆ ಎಂದು ತಿಳಿಯಬೇಡಿ. ಹೆಚ್ಚಿನ ಪಾಲು ವೈನಿನ ಮೇಲ್ಮೈಯಿಂದ ಕಣ್ಣಿಗೆ ಕಾಣದೆ ಹೊರಟುಹೋಗುತ್ತದೆ. ಇನ್ನು ಗುಳ್ಳೆ ತಾನಾಗಿ ಹುಟ್ಟುವುದೂ ಇಲ್ಲ. ಗ್ಲಾಸಿನ ಒಳಗೋಡೆಗೆ ಅಂಟಿದ ಹತ್ತಿಯ ಎಳೆ, ಧೂಳಿನ ನಾರು, ಇಂಥವುಗಳ ಟೊಳ್ಳಿನಲ್ಲಿ ಸಿಕ್ಕಿಕೊಂಡ ಗಾಳಿಯೇ ಅದರ ಮೂಲ. ಒಂದೇ ಜಾಗದಿಂದ ಸಾಲಾಗಿ ಏಳುವ ಸರಮಾಲೆಯ ಬುಡದಲ್ಲಿ ಅಂಥದೊಂದು ಎಳೆ ಇರುತ್ತದೆ. ಪರಿಪೂರ್ಣವಾಗಿ ಶುಚಿಯಾದ, ನುಣುಪಾದ ಗ್ಲಾಸಿನಲ್ಲಿ ಶಾಂಪೇನ್ ಸತ್ತಂತೆ ಕಾಣುತ್ತದೆ. ಅದಕ್ಕಾಗಿಯೇ ಕೆಲವು ಗ್ಲಾಸುಗಳ ತಳದಲ್ಲಿ ಲೇಸರಿನಿಂದ ಸಣ್ಣ ಗೀರು ಹಾಕಿರುತ್ತಾರೆ.

ಹಾಗಾಗಿ "ಗುಳ್ಳೆ ಸಣ್ಣದಿದ್ದರೆ ವೈನ್ ಶ್ರೇಷ್ಠ" ಎಂಬ ಮಾತನ್ನು ಹಾಗೆಯೇ ನಂಬಬೇಡಿ. ಕರಗಿರುವ ಅನಿಲ ಕಡಿಮೆಯಾದಷ್ಟೂ ಗುಳ್ಳೆ ಕಿರಿದಾಗುತ್ತದೆ. ವರ್ಷ ಕಳೆದಂತೆ ಬಿರಡೆಯ ಮೂಲಕ ಅನಿಲ ಚೂರುಚೂರೇ ಸೋರುವುದರಿಂದ ಹಳೆಯ ಶಾಂಪೇನಿನ ಗುಳ್ಳೆ ಸಣ್ಣದಿರುತ್ತದೆ. ಅದು ವಯಸ್ಸಿನ ಗುರುತು. ಅದೇ ವಯಸ್ಸಿನ ಕಳಪೆ ವೈನಿನಲ್ಲೂ ಗುಳ್ಳೆ ಸಣ್ಣದೇ.

ಆದರೆ ಗುಳ್ಳೆಗೆ ಒಂದು ನಿಜವಾದ ಕೆಲಸವಿದೆ. ಅದು ಮೇಲೇರುವಾಗ ಪರಿಮಳದ ಅಣುಗಳನ್ನು ತನ್ನ ಮೈಗೆ ಅಂಟಿಸಿಕೊಂಡು ಬರುತ್ತದೆ, ಮೇಲ್ಮೈಯಲ್ಲಿ ಒಡೆದಾಗ ಅತಿಸೂಕ್ಷ್ಮ ತುಂತುರಾಗಿ ಅವನ್ನು ಮೂಗಿನತ್ತ ಎರಚುತ್ತದೆ. ನಾಲಿಗೆಯ ಮೇಲಿನ ಆ ಚುರುಕು ಸಹ ಬರೀ ಗುಳ್ಳೆ ಒಡೆಯುವ ಸ್ಪರ್ಶವಲ್ಲ. ನಮ್ಮ ಬಾಯಲ್ಲಿರುವ ಒಂದು ಕಿಣ್ವ ಕರಗಿದ ಅನಿಲವನ್ನು ಆಮ್ಲವಾಗಿ ಬದಲಿಸುತ್ತದೆ. ನಾವು ಬಹುಮಟ್ಟಿಗೆ ಸವಿಯುವುದು ಆ ಆಮ್ಲವನ್ನು.

ತಾಪಮಾನದ ಜಗಳದಲ್ಲಿ ನನ್ನ ಮತ: ಸುರಿಯುವಾಗ ತಣ್ಣಗೆ, ಕುಡಿಯುವಾಗ ಅಷ್ಟು ತಣ್ಣಗೆ ಬೇಡ. ಸುರಿಯುವ ಕ್ಷಣದಲ್ಲೇ ಅನಿಲ ಅತಿ ಹೆಚ್ಚು ನಷ್ಟವಾಗುವುದು. ಗ್ಲಾಸನ್ನು ಓರೆ ಹಿಡಿದು ಗೋಡೆಗುಂಟ ಇಳಿಸಿದರೆ, ನೆಟ್ಟಗೆ ಮೇಲಿನಿಂದ ಸುರಿದದ್ದಕ್ಕಿಂತ ಬಹಳ ಹೆಚ್ಚು ಅನಿಲ ವೈನಿನಲ್ಲೇ ಉಳಿಯುತ್ತದೆ. ಅಳೆದು ನೋಡಿದ ಸಂಗತಿ ಇದು. ಬಿಯರ್ ಸುರಿದಂತೆ ಕಾಣುತ್ತದೆ ಎಂದು ಮೂಗು ಮುರಿಯುವವರು ಮುರಿಯಲಿ.

ಕೂಪ್‌ಪ್ರಿಯ

ಅಗಲ ಬಾಯಿಯ ಕೂಪ್ ಗ್ಲಾಸಿನ ಪರವಾಗಿ ಒಬ್ಬರಾದರೂ ಮಾತನಾಡಬೇಡವೇ? ನೋಡಲು ಅದರಷ್ಟು ಚೆಂದದ ಗ್ಲಾಸು ಇನ್ನೊಂದಿಲ್ಲ. ಹಿಡಿದವರ ಗತ್ತೇ ಬೇರೆ.

ಅಣುಲೆಕ್ಕ

ಚೆಂದಕ್ಕೆ ನನ್ನ ತಕರಾರಿಲ್ಲ. ಆದರೆ ಮೇಲ್ಮೈ ಅಷ್ಟು ಅಗಲವಾದರೆ ಅನಿಲವೂ ಪರಿಮಳವೂ ನಾಲ್ಕೂ ಕಡೆ ಚದುರುತ್ತವೆ. ಮೂಗಿಗೆ ಏನೂ ಒಟ್ಟುಗೂಡುವುದಿಲ್ಲ. ಅಂದ ಹಾಗೆ ಆ ಗ್ಲಾಸನ್ನು ಫ್ರಾನ್ಸಿನ ಮೇರಿ ಆಂಟೊನೆಟ್ ರಾಣಿಯ ಎದೆಯ ಅಚ್ಚಿನಿಂದ ಮಾಡಿದರು ಎಂಬ ಕಥೆ ಶುದ್ಧ ಕಟ್ಟುಕಥೆ. ದಯವಿಟ್ಟು ಈಗ ಅದನ್ನು ಎತ್ತಬೇಡಿ.

ನೆಲಮಾಳಿಗೆ

ಫ್ಲೂಟ್ ಅದರ ತದ್ವಿರುದ್ಧ ದೋಷ. ಗುಳ್ಳೆಗಳ ಮೆರವಣಿಗೆ ನೋಡಲು ಸೊಗಸು, ಆದರೆ ಬಾಯಿ ಎಷ್ಟು ಕಿರಿದೆಂದರೆ ಮೂಗಿಗೆ ಮೊದಲು ತಾಗುವುದು ಅನಿಲದ ಚುಚ್ಚು, ಆಮೇಲೆ ಏನೂ ಇಲ್ಲ. ಟುಲಿಪ್ ಆಕಾರದ್ದು ತನ್ನಿ: ತಳ ಕಿರಿದು, ನಡು ಅಗಲ, ಬಾಯಿ ಮತ್ತೆ ಒಳಕ್ಕೆ ಬಾಗಿದ್ದು. ಸಿಗದಿದ್ದರೆ ಬಿಳಿ ವೈನಿನ ಸಾಧಾರಣ ಗ್ಲಾಸು ಧಾರಾಳವಾಗಿ ಸಾಕು. ಅರ್ಧಕ್ಕಿಂತ ಮೇಲೆ ತುಂಬಬೇಡಿ. ಮೇಲಿನ ಖಾಲಿ ಜಾಗ ಪರಿಮಳಕ್ಕೆ ಬೇಕು.

ತೊಳೆಯುವಾಗ ಎಚ್ಚರ. ಡಿಟರ್ಜೆಂಟಿನ ಲವಲೇಶ ಉಳಿದರೂ ನೊರೆ ಕುಸಿಯುತ್ತದೆ. ಬರೀ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ, ಒಣಗಿದ ಮೇಲೆ ಬಟ್ಟೆಯಿಂದ ಒರೆಸಿ. ಬಟ್ಟೆ ಬಿಟ್ಟುಹೋಗುವ ನಾಲ್ಕಾರು ಎಳೆಗಳು ಅಣುಲೆಕ್ಕದವರ ಗುಳ್ಳೆಗಳಿಗೆ ಜನ್ಮ ಕೊಡುತ್ತವೆ. ಗ್ಲಾಸನ್ನು ಮಾತ್ರ ಫ್ರಿಜ್ಜಿನಲ್ಲಿ ಇಡಬೇಡಿ. ಒಳಗೆ ಮಂಜು ಕಟ್ಟಿದರೆ ಗುಳ್ಳೆಯೂ ಸರಿಯಾಗಿ ಏಳುವುದಿಲ್ಲ, ಬಣ್ಣವೂ ಕಾಣುವುದಿಲ್ಲ.

ಮೊದಲಗುಟುಕು

ಗ್ಲಾಸಿನ ವಿಷಯ ಇತ್ಯರ್ಥವಾಯಿತು, ಬಿಳಿ ವೈನಿನ ಗ್ಲಾಸು ಇದೆ. ತೆರೆಯುವುದೇ ನನಗೆ ಭಯ. ಬಿರಡೆ ಹಾರಿ ಯಾರ ಕಣ್ಣಿಗೋ ತಗಲಿದರೆ? ವಾತಾವರಣದ ಐದಾರು ಪಟ್ಟು ಒತ್ತಡ ಎಂದು ಓದಿದ ಮೇಲಂತೂ ಭಯ ಇಮ್ಮಡಿಯಾಗಿದೆ.

ಬಿರಡೆಗೈ

ಬಡಿಸುವುದು ನನ್ನ ಉದ್ಯೋಗ, ಇದಕ್ಕೆ ನಾನು ಉತ್ತರಿಸುತ್ತೇನೆ. ನಿಮ್ಮ ಭಯ ಆರೋಗ್ಯಕರವಾದದ್ದು, ಬಿಡಬೇಡಿ. ಹಾರಿದ ಬಿರಡೆಯ ವೇಗ ಗಂಟೆಗೆ 50 ಕಿಲೋಮೀಟರಿನ ಆಸುಪಾಸು ಇರುತ್ತದೆ. ಬಾಟಲಿ ಬೆಚ್ಚಗಿದ್ದಷ್ಟೂ ಒತ್ತಡ ಹೆಚ್ಚು, ಆದ್ದರಿಂದ ತಣಿಯದ ಬಾಟಲಿಯನ್ನು ತೆರೆಯಲೇಬೇಡಿ.

ಮೊದಲು ಹಾಳೆ ಬಿಚ್ಚಿ, ತಂತಿಯ ಕಿವಿಯನ್ನು ಹೊರಕ್ಕೆ ಮಡಚಿ. ಆರು ಅರ್ಧ ಸುತ್ತು ತಿರುಗಿಸಿದರೆ ತಂತಿ ಸಡಿಲವಾಗುತ್ತದೆ. ಹೆಚ್ಚುಕಡಿಮೆ ಎಲ್ಲ ಬಾಟಲಿಗಳಲ್ಲೂ ಅಷ್ಟೇ. ಈ ತಂತಿಯ ಮುಸುಕಿಗೆ 1844ರಲ್ಲಿ ಅಡಾಲ್ಫ್ ಜಾಕೆಸ್ಸೋನ್ ಎಂಬ ಶಾಂಪೇನ್ ತಯಾರಕರು ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ದಾರ ಕಟ್ಟುತ್ತಿದ್ದರು. ತಂತಿಗೆ ಕೈ ಹಾಕಿದ ಕ್ಷಣದಿಂದ ಹೆಬ್ಬೆರಳು ಬಿರಡೆಯ ನೆತ್ತಿಯ ಮೇಲಿರಲಿ, ಬಿರಡೆ ಹೊರಬರುವ ತನಕ ಅಲ್ಲಿಂದ ಕದಲದಿರಲಿ. ತಂತಿಯನ್ನು ಪೂರ್ತಿ ತೆಗೆಯಬೇಡಿ, ಸಡಿಲಿಸಿ ಬಿರಡೆಯ ಮೇಲೇ ಬಿಡಿ. ಹಿಡಿತ ಚೆನ್ನಾಗಿ ಸಿಗುತ್ತದೆ.

ಬಾಟಲಿಯನ್ನು 45 ಡಿಗ್ರಿ ಓರೆ ಮಾಡಿ, ಬಾಯಿ ಯಾರೂ ಇಲ್ಲದ ಕಡೆಗಿರಲಿ. ಒಂದು ಕೈಯಲ್ಲಿ ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದರಿಂದ ಬಾಟಲಿಯ ತಳವನ್ನು ತಿರುಗಿಸಿ. ತಿರುಗಬೇಕಾದದ್ದು ಬಾಟಲಿ. ಬಿರಡೆ ತಾನೇ ಮೇಲಕ್ಕೆ ಬರತೊಡಗಿದಾಗ ಅದನ್ನು ಎಳೆಯುವ ಬದಲು ತಡೆದು ಹಿಡಿಯಿರಿ. ಸಣ್ಣದೊಂದು ನಿಟ್ಟುಸಿರಿನಂಥ ಸದ್ದು ಬಂದರೆ ಕೆಲಸ ಸರಿಯಾಗಿ ಆಯಿತು. ಢಂ ಎಂದರೆ ವೈನೂ ಅನಿಲವೂ ಹೊರಟವು.

ಹಳೆಯ ಬಾಟಲಿಗಳ ತೊಂದರೆ ಬೇರೆ. ಎಳೆಯ ಶಾಂಪೇನಿನ ಬಿರಡೆ ಹೊರಬಂದ ಕೂಡಲೇ ಬುಡದಲ್ಲಿ ಲಂಗದಂತೆ ಅರಳಿಕೊಳ್ಳುತ್ತದೆ. ವರ್ಷಗಟ್ಟಲೆ ಕುತ್ತಿಗೆಯಲ್ಲಿ ಅದುಮಿಸಿಕೊಂಡ ಬಿರಡೆಯ ಬುಡ ನೆಟ್ಟಗೆ ಗೂಟದಂತೆ ಉಳಿಯುತ್ತದೆ. ಅದು ಕೆಲವೊಮ್ಮೆ ಸುಲಭಕ್ಕೆ ಜಾರಿ ಬರುತ್ತದೆ, ಕೆಲವೊಮ್ಮೆ ಅಂಟಿಕೊಂಡು ತಿರುಚುವಾಗ ತಲೆ ಮುರಿಯುತ್ತದೆ. ಮುರಿದರೆ ಗಾಬರಿಯಾಗಬೇಡಿ. ಬಾಟಲಿಯ ಬಾಯಿಗೆ ದಪ್ಪ ಬಟ್ಟೆ ಹೊದಿಸಿ, ಮುಖ ದೂರವಿಟ್ಟು, ಬಿರಡೆ ತೆಗೆಯುವ ಸ್ಕ್ರೂ ಬಳಸಿ ನಿಧಾನವಾಗಿ ತೆಗೆಯಿರಿ. ಒಳಗೆ ಒತ್ತಡ ಇನ್ನೂ ಇದೆ ಎಂಬುದನ್ನು ಮರೆಯಬಾರದು.

ಕತ್ತಿಯಿಂದ ಕುತ್ತಿಗೆ ಹಾರಿಸುವ ಸಾಹಸ? ಇಂಥ ಬಾಟಲಿಗೆ ಅದು ಅವಮಾನ. ಅಲ್ಲಿ ಮುರಿಯುವುದು ಗಾಜು, ಅದರ ಚೂರು ಯಾವ ಕಡೆ ಹೋಯಿತೆಂದು ನಿಮಗೆ ತಿಳಿಯುವುದಿಲ್ಲ.

ಸುರಿಯುವಾಗ ಎಲ್ಲರ ಗ್ಲಾಸಿಗೂ ಮೊದಲು ಬೆರಳಗಲ ಹಾಕಿ. ನೊರೆ ಇಳಿದ ಮೇಲೆ ಎರಡನೆಯ ಸುತ್ತು. ಆರು ಜನಕ್ಕೆ ಒಂದು ಬಾಟಲಿ ಎಂದರೆ ತಲೆಗೆ ಸುಮಾರು 120 ಮಿಲಿಲೀಟರ್. ಒಂದೇ ಸಲ ಸುರಿದು ಖಾಲಿ ಮಾಡದೆ, ಎರಡು ಪಾಲು ಮಾಡಿ ಅರ್ಧ ಗಂಟೆಯ ಅಂತರದಲ್ಲಿ ಕೊಡಿ. ಎರಡನೆಯ ಪಾಲಿನ ರುಚಿ ಬೇರೆಯದೇ ಆಗಿರುತ್ತದೆ.

ನೇರನುಡಿ

ಎಲ್ಲ ಓದಿದೆ. ನನ್ನದೊಂದು ಸಂದೇಹ. "ಸುಟ್ಟ ಬ್ರೆಡ್ಡಿನ ಪರಿಮಳ", "ಒಣ ಹಣ್ಣಿನ ನೆನಪು" ಎಂದೆಲ್ಲ ವೈನ್ ಪಂಡಿತರು ಬರೆಯುವುದು ಲೇಬಲ್ ನೋಡಿದ ಮೇಲೆ ಹುಟ್ಟುವ ಕವಿತೆಯಲ್ಲವೇ? ಬಾಟಲಿಗೆ ಬಟ್ಟೆ ಸುತ್ತಿ ಕೊಟ್ಟರೆ ಎಷ್ಟು ಜನ ಇದನ್ನು ಗುರುತಿಸುತ್ತಾರೆ?

ನೆಲಮಾಳಿಗೆ

ಕವಿತೆ ಬರೆಯುವವರು ಇದ್ದಾರೆ, ಅವರನ್ನು ಬಿಡಿ. ಆ ಬ್ರೆಡ್ಡಿನ ಪರಿಮಳಕ್ಕೆ ಮಾತ್ರ ಸ್ಪಷ್ಟ ಕಾರಣವಿದೆ. ಎರಡನೆಯ ಹುದುಗುವಿಕೆ ಮುಗಿದ ಮೇಲೆ ಸತ್ತ ಯೀಸ್ಟ್ ಬಾಟಲಿಯ ಒಳಗೇ ಮಲಗಿರುತ್ತದೆ. ತಿಂಗಳು, ವರ್ಷ ಕಳೆದಂತೆ ಅದರ ಕೋಶಗಳು ತಮ್ಮ ಕಿಣ್ವಗಳಿಂದಲೇ ಒಡೆದು ವೈನಿಗೆ ಕರಗುತ್ತವೆ. ಅಮೈನೋ ಆಮ್ಲಗಳು, ಪ್ರೋಟೀನುಗಳು ಬಿಡುಗಡೆಯಾಗುತ್ತವೆ. ಬಾಯಲ್ಲಿ ಕೆನೆಯಂಥ ನುಣುಪು, ಮೂಗಿನಲ್ಲಿ ಬೇಕರಿಯ ವಾಸನೆ ಬರುವುದು ಹೀಗೆ. ಹದಿನೈದು ತಿಂಗಳ ವೈನಿಗೂ ಎಂಟು ವರ್ಷ ಯೀಸ್ಟಿನ ಮೇಲೆ ಮಲಗಿದ ವೈನಿಗೂ ಇರುವ ಅಂತರವನ್ನು ಬಟ್ಟೆ ಸುತ್ತಿ ಕೊಟ್ಟರೂ ಹೇಳಬಹುದು. ಯಾವ ಮನೆಯದು, ಯಾವ ವರ್ಷದ್ದು ಎಂದು ಹೇಳುವುದು ಬೇರೆಯೇ ವಿದ್ಯೆ, ಅಲ್ಲಿ ನಿಮ್ಮ ಸಂದೇಹಕ್ಕೆ ನಾನೂ ಕೈಜೋಡಿಸುತ್ತೇನೆ.

ಆಮೇಲೆ ಬಾಟಲಿಯನ್ನು ತಲೆಕೆಳಗಾಗಿಸಿ, ಕುತ್ತಿಗೆಯಲ್ಲಿ ಕೂಡಿದ ಗಸಿಯನ್ನು ಹೆಪ್ಪುಗಟ್ಟಿಸಿ ಹೊರಕ್ಕೆ ಹಾರಿಸುತ್ತಾರೆ. ಡಿಗಾರ್ಜ್‌ಮೆಂಟ್ ಎನ್ನುವುದು ಇದಕ್ಕೆ. ತೆರವಾದ ಜಾಗಕ್ಕೆ ಸ್ವಲ್ಪ ವೈನ್, ಸ್ವಲ್ಪ ಸಕ್ಕರೆ ಸೇರಿಸಿ ಕೊನೆಯ ಬಿರಡೆ ಹಾಕುತ್ತಾರೆ. ನಿಮ್ಮ ಲೇಬಲ್ಲಿನ ಬ್ರೂಟ್ ಎಂದರೆ ಆ ಸಕ್ಕರೆ ಲೀಟರಿಗೆ 12 ಗ್ರಾಂ ಮೀರಿಲ್ಲ ಎಂದರ್ಥ. ಅಲ್ಲಿಂದ ವೈನಿಗೆ ಎರಡನೆಯ ಬದುಕು ಶುರುವಾಗುತ್ತದೆ. ಯೀಸ್ಟಿನ ರಕ್ಷಣೆ ಇಲ್ಲ, ಬಿರಡೆಯ ಮೂಲಕ ತುಸುತುಸುವೇ ಗಾಳಿ ಸೇರುತ್ತದೆ. ಜೇನು, ಹುರಿದ ಬಾದಾಮಿ, ಕಾಫಿಯಂಥ ಛಾಯೆಗಳು ಈ ಹಂತದವು. ಬಾಟಲಿಯ ಹಿಂಬದಿಯ ಲೇಬಲ್ ನೋಡಿ ಎನ್ನುವುದು ಇದಕ್ಕೇ: ಕೆಲವು ಮನೆಗಳು ಡಿಗಾರ್ಜ್‌ಮೆಂಟ್ ದಿನಾಂಕವನ್ನು ಅಚ್ಚು ಹಾಕುತ್ತವೆ. ಒಂದೇ 2008, ಬೇಗ ಬಿರಡೆ ಕಂಡದ್ದು ಒಂದು ಬಗೆ, ತಡವಾಗಿ ಕಂಡದ್ದು ಇನ್ನೊಂದು ಬಗೆ. ಬೋಲಾಂಜೆ ಎಂಬ ಶಾಂಪೇನ್ ಮನೆಯವರು 1952ರ ವೈನನ್ನು ಬಹುಕಾಲ ಯೀಸ್ಟಿನ ಮೇಲಿಟ್ಟು 1967ರಲ್ಲಿ "ಇತ್ತೀಚೆಗಷ್ಟೇ ಗಸಿ ತೆಗೆದದ್ದು" ಎಂಬ ಹೆಸರಿನಲ್ಲೇ ಹೊರತಂದರು. ಆ ಸರಣಿ ಇಂದಿಗೂ ನಡೆದಿದೆ.

ಇನ್ನು ಸವಿಯುವ ಕ್ರಮ. ಸುರಿದ ಕೂಡಲೇ ಗ್ಲಾಸನ್ನು ಕಲಕಬೇಡಿ. ಕೆಂಪು ವೈನಿನ ಚಾಳಿ ಇಲ್ಲಿ ಅನಿಲವನ್ನು ಓಡಿಸುತ್ತದೆ, ಮೂಗಿಗೆ ಚುಚ್ಚುತ್ತದೆ. ಗುಳ್ಳೆಗಳೇ ಕಲಕುವ ಕೆಲಸ ಮಾಡುತ್ತಿವೆ. ನೊರೆ ಇಳಿಯುವ ತನಕ ಕಾದು ಬಣ್ಣ ನೋಡಿ. ಹಸಿರು ಮಿಶ್ರಿತ ತೆಳು ಹಳದಿಯೋ, ಬಂಗಾರದತ್ತ ವಾಲಿದೆಯೋ? ಆಮೇಲೆ ಮೂಗು. ಮೊದಲ ಗುಟುಕು ಬಾಯಿ ತೊಳೆಯಲು ಎಂದುಕೊಳ್ಳಿ, ಅದರ ಮೇಲೆ ತೀರ್ಪು ಬೇಡ. ಎರಡನೆಯದನ್ನು ನಾಲಿಗೆಯ ಮೇಲೆ ಕ್ಷಣ ನಿಲ್ಲಿಸಿ. ನೊರೆ ಒರಟಾಗಿ ಸಿಡಿಯುತ್ತದೆಯೇ, ಕೆನೆಯಂತೆ ಹರಡುತ್ತದೆಯೇ? ಹುಳಿ ಎಲ್ಲಿ ಬರುತ್ತದೆ, ಎಲ್ಲಿ ಹಣ್ಣಿಗೆ ಜಾಗ ಬಿಡುತ್ತದೆ? ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ? ಒಳ್ಳೆಯ ವಿಂಟೇಜಿನ ನಿಜವಾದ ಪರೀಕ್ಷೆ ಆ ಕೊನೆಯದು. ಪರಿಮಳದ ಹೆಸರು ಹುಡುಕಿ ಹೇಳಬೇಕಾದ ಒತ್ತಾಯ ಯಾರಿಗೂ ಇಲ್ಲ.

ಲೇಬಲ್ ಮೇಲೆ ಬ್ಲಾಂಕ್ ದ ಬ್ಲಾಂಕ್ ಎಂದಿದ್ದರೆ ಸಾಮಾನ್ಯವಾಗಿ ಶಾರ್ಡನೆ ಎಂಬ ಬಿಳಿ ದ್ರಾಕ್ಷಿ ಮಾತ್ರ: ನಿಂಬೆ, ಸೀಮೆಸುಣ್ಣದ ಒಣ ವಾಸನೆ, ಬಿಗಿಯಾದ ಮೈಕಟ್ಟು. ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ ಹೆಚ್ಚಿದ್ದರೆ ಮೈ ತುಂಬಿದ, ಕೆಂಪು ಹಣ್ಣಿನ ಛಾಯೆಯ ವೈನ್. ಏನೂ ಬರೆದಿರದಿದ್ದರೆ ಮಿಶ್ರಣವೇ.

ನೇರನುಡಿ

ಕಾರಣ ಕೊಟ್ಟಿರಿ, ಒಪ್ಪಿದೆ. ಕವಿತೆಯ ವಿಷಯದಲ್ಲಿ ನನ್ನ ಮಾತು ಹಾಗೇ ಇರಲಿ.

ದ್ರಾಕ್ಷಿಬಳ್ಳಿ

ಡಿಕ್ಯಾಂಟರ್ ಪ್ರಶ್ನೆಯನ್ನು ಎಲ್ಲರೂ ಜಾಣತನದಿಂದ ದಾಟಿಬಿಟ್ಟಿರಿ. ನಾನು ಅದರ ಪರ. ಹುಳಿ ಬಿಗಿಯಾಗಿರುವ, ತೆರೆದ ಕೂಡಲೇ ಬಾಯಿಬಿಡದ ವೈನ್ ಗಾಳಿ ಕಂಡು ಅರಳುತ್ತದೆ. 2008 ಅಂಥದೇ ವೈನ್. ಡಿಕ್ಯಾಂಟರನ್ನು ಮೊದಲೇ ತಣಿಸಿ, ಓರೆ ಹಿಡಿದು ನಿಧಾನವಾಗಿ ಇಳಿಸಿದರೆ ಗುಳ್ಳೆ ಒಂದಿಷ್ಟು ಕಡಿಮೆಯಾಗುತ್ತದೆ, ಅಷ್ಟೇ. ಉಳಿದ ನೊರೆ ಇನ್ನೂ ಮೃದು.

ಹಿಮಬಿಲ್ಲೆ

ಎಂಟು ಹತ್ತು ವರ್ಷ ಬಾಟಲಿಯೊಳಗೆ ಕೂಡಿಟ್ಟ ಗುಳ್ಳೆಯನ್ನು ಹತ್ತು ನಿಮಿಷದಲ್ಲಿ ಗಾಳಿಗೆ ತೂರುವುದೇ? ಗುಳ್ಳೆ ಬೇಡವಾದವರಿಗೆ ಶಾರ್ಡನೆಯ ಸಾದಾ ವೈನ್ ಜಗತ್ತಿನಲ್ಲಿ ಬೇಕಾದಷ್ಟಿದೆ.

ಬಿರಡೆಗೈ

ಹಿಮಬಿಲ್ಲೆಯವರ ಪಕ್ಷ ನಾನು. ಗಾಳಿ ಬೇಕು ಎಂಬುದು ನಿಜ, ಅದನ್ನು ಗ್ಲಾಸೇ ಕೊಡುತ್ತದೆ. ಡಿಕ್ಯಾಂಟರ್‌ಗೆ ಒಮ್ಮೆ ಸುರಿದದ್ದನ್ನು ವಾಪಸು ಪಡೆಯಲಾಗದು. ತೀರ ಹಳೆಯ ಬಾಟಲಿಗಳಿಗಂತೂ ಖಂಡಿತ ಬೇಡ, ಉಳಿದಿರುವ ಗುಳ್ಳೆಯೇ ಬೆರಳೆಣಿಕೆಯಷ್ಟು.

ದ್ರಾಕ್ಷಿಬಳ್ಳಿ

ಹಳೆಯದರ ಬಗ್ಗೆ ಒಂದು ಸ್ವಾರಸ್ಯದ ಸಂಗತಿ ಕೇಳಿ. 2010ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಫಿನ್ಲೆಂಡಿನ ಓಲಾಂಡ್ ದ್ವೀಪಗಳ ಬಳಿ ಮುಳುಗಿದ್ದ ಹಡಗಿನಿಂದ 168 ಬಾಟಲಿ ಶಾಂಪೇನ್ ಮೇಲೆತ್ತಿದರು. ಸುಮಾರು 170 ವರ್ಷ ಹಳೆಯವು, ಕೆಲವು ವ್ಯೂವ್ ಕ್ಲಿಕೊ ಮನೆಯವು. ರುಚಿ ನೋಡಿದವರಿಗೆ ಮೊದಲು ಬಂದದ್ದು ಒದ್ದೆ ಕೂದಲು, ಚೀಸ್ ವಾಸನೆ. ಗ್ಲಾಸಿನಲ್ಲಿ ಗಾಳಿ ಕಂಡ ಮೇಲೆ ಮಸಾಲೆ, ಹೊಗೆ, ಚರ್ಮದ ಪರಿಮಳ ತೆರೆದುಕೊಂಡಿತು. ಸಕ್ಕರೆಯಂಶ ಲೀಟರಿಗೆ 150 ಗ್ರಾಮಿನ ಆಸುಪಾಸು, ಈಗಿನ ಬ್ರೂಟ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು. ಕತ್ತಲು, ತಂಪು ಎರಡೂ ಸಮುದ್ರದ ತಳದಲ್ಲಿ ಪುಕ್ಕಟೆ ಸಿಕ್ಕಿತ್ತು.

ನೆಲಮಾಳಿಗೆ

ಆ ಉದಾಹರಣೆ ಬಿರಡೆಗೈಯವರ ವಾದಕ್ಕೇ ಬಲ ಕೊಡುತ್ತದೆ: ಅಲ್ಲೂ ಅರಳಿದ್ದು ಗ್ಲಾಸಿನಲ್ಲೇ.

ಕತ್ತಲೆಯ ಮಾತು ಬಂದದ್ದು ಒಳ್ಳೆಯದಾಯಿತು. ಬೆಳಕು ಶಾಂಪೇನಿನ ಹಗೆ. ವೈನಿನಲ್ಲಿರುವ ರೈಬೊಫ್ಲೇವಿನ್ ಎಂಬ ವಿಟಮಿನ್ ಬೆಳಕನ್ನು ಹೀರಿಕೊಂಡು ಗಂಧಕದ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಬೇಯಿಸಿದ ಎಲೆಕೋಸಿನ ನಾತ ಬರುತ್ತದೆ. ಪಾರದರ್ಶಕ ಗಾಜಿನ ಬಾಟಲಿಯಾದರೆ ಅಪಾಯ ಇನ್ನೂ ಹೆಚ್ಚು. ಕ್ರಿಸ್ಟಲ್ ಬಾಟಲಿಗೆ ಸುತ್ತುವ ಹಳದಿ ಹಾಳೆ ಅಲಂಕಾರಕ್ಕಲ್ಲ. ನಿಮ್ಮ ಬಾಟಲಿ ಕಿಟಕಿಯ ಪಕ್ಕ ಇದ್ದರೆ ಈಗಲೇ ಎದ್ದು ಹೋಗಿ ಪೆಟ್ಟಿಗೆಗೆ ಹಾಕಿ.

ಇನ್ನೊಂದು ದೋಷ ಬಿರಡೆಯದು. ಒದ್ದೆ ರಟ್ಟಿನ, ಮುಗ್ಗಲು ಹಿಡಿದ ನೆಲದ ವಾಸನೆ ಬಂದರೆ ಅದು ವಯಸ್ಸಿನ ಲಕ್ಷಣವೆಂದು ಸುಮ್ಮನಾಗಬೇಡಿ. ಬಿರಡೆಯಿಂದ ಇಳಿದ ಮಾಲಿನ್ಯ ಅದು, ಗಾಳಿಯಾಡಿಸಿದರೂ ಹೋಗುವುದಿಲ್ಲ. ಮೊದಲ ಬೆರಳಗಲವನ್ನು ನೀವೊಬ್ಬರೇ ಮೂಸಿ ನೋಡಿ ಆಮೇಲೆ ಬಡಿಸುವುದು ಇದಕ್ಕಾಗಿ.

ಕೂಪ್‌ಪ್ರಿಯ

ಜೊತೆಗೆ ತಿನ್ನಲು? ಕೇಕ್ ಇರಲೇಬೇಕಲ್ಲವೇ?

ಬಿರಡೆಗೈ

ಕೇಕ್ ಬೇಡವೇ ಬೇಡ. ಸಿಹಿ ತಿಂದ ನಾಲಿಗೆಗೆ ಬ್ರೂಟ್ ವೈನ್ ಬರೀ ಹುಳಿನೀರು. ಉಪ್ಪು, ಕೊಬ್ಬು ಇರುವುದನ್ನು ಕೊಡಿ. ಚೆನ್ನಾಗಿ ಮಾಗಿದ ಕೋಂಟೆ ಚೀಸ್ ನನ್ನ ಆಯ್ಕೆ. ಮೊದಲ ಪಾಲನ್ನು ಮಾತ್ರ ಏನೂ ಇಲ್ಲದೆ ಕುಡಿಯಿರಿ.

ಮೊದಲಗುಟುಕು

ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಬಾಟಲಿ ಪೆಟ್ಟಿಗೆಯಲ್ಲೇ ಇದೆ, ಕತ್ತಲಲ್ಲಿ. 8 ಡಿಗ್ರಿ, ಬಿಳಿ ವೈನಿನ ಗ್ಲಾಸು, ಎರಡು ಪಾಲು, ಡಿಕ್ಯಾಂಟರ್ ಇಲ್ಲ. ದ್ರಾಕ್ಷಿಬಳ್ಳಿಯವರು ಕ್ಷಮಿಸಬೇಕು. ಒಂದೇ ಒಂದು ಪ್ರಶ್ನೆ ಉಳಿಯಿತು. ಇಬ್ಬರು ಕಡಿಮೆ ಕುಡಿಯುವವರಿದ್ದಾರೆ, ಸ್ವಲ್ಪ ಮಿಕ್ಕರೆ ಬಾಟಲಿಯ ಬಾಯಿಗೆ ಬೆಳ್ಳಿಯ ಚಮಚ ಇಳಿಬಿಟ್ಟರೆ ಗುಳ್ಳೆ ಉಳಿಯುತ್ತದೆಯಂತೆ, ಹೌದೇ?

ಅಣುಲೆಕ್ಕ

ಇಲ್ಲ. ಚಮಚ ಬೆಳ್ಳಿಯದಾಗಲಿ ಬಂಗಾರದ್ದಾಗಲಿ, ತೆರೆದ ಬಾಯಿ ತೆರೆದ ಬಾಯಿಯೇ. ಚಮಚ ಇಟ್ಟ ಬಾಟಲಿಯಲ್ಲಿ ಮರುದಿನವೂ ಗುಳ್ಳೆ ಕಂಡವರು ಅದನ್ನು ಚಮಚದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ತಣ್ಣಗಿಟ್ಟ ಬಾಟಲಿಯಿಂದ ಅನಿಲ ಹೇಗೂ ನಿಧಾನವಾಗಿಯೇ ಹೋಗುತ್ತದೆ, ಚಮಚ ಇದ್ದರೂ ಇಲ್ಲದಿದ್ದರೂ.

ಬಿರಡೆಗೈ

ಶಾಂಪೇನಿಗೆಂದೇ ಮಾಡಿದ, ಕುತ್ತಿಗೆಯ ಅಂಚನ್ನು ಎರಡೂ ಕಡೆ ಕಚ್ಚಿ ಹಿಡಿಯುವ ಲೋಹದ ಮುಚ್ಚಳ ಸಿಗುತ್ತದೆ. ಅದನ್ನು ಹಾಕಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ಮರುದಿನ ಮುಗಿಸಿ. ಗಾಳಿ ಎಳೆದು ತೆಗೆಯುವ ಪಂಪನ್ನು ಮಾತ್ರ ಬಳಸಬೇಡಿ, ಅದು ವೈನಿನಲ್ಲಿರುವ ಅನಿಲವನ್ನೇ ಎಳೆದುಹಾಕುತ್ತದೆ. ರಾತ್ರಿಯಿಡೀ ಒಳಗೆ ಒತ್ತಡ ಮತ್ತೆ ಕೂಡಿರುತ್ತದೆ. ಮರುದಿನ ಆ ಮುಚ್ಚಳ ತೆಗೆಯುವಾಗಲೂ ಮೇಲೆ ಅಂಗೈ ಒತ್ತಿ ಹಿಡಿದು, ಬಾಟಲಿಯ ಬಾಯಿಯನ್ನು ಮುಖದಿಂದ ಆಚೆ ತಿರುಗಿಸಿಕೊಳ್ಳಿ. ಅದೂ ಹಾರುತ್ತದೆ.